ಆಕ್ಟೇವ್ ಪೆಡಲ್ ಕೊಳ್ಳುವ ಮುಂಚೆ ನಿಮ್ಮ ದಪ್ಪ ತಂತಿಯನ್ನು ಕೇಳಿ

ನುಡಿಸಿದ ಸ್ವರವನ್ನೇ ಒಂದೆರಡು ಸ್ಥಾಯಿ ಕೆಳಗೋ ಮೇಲೋ ಕೇಳಿಸುವ, ಕಾಲಿನಲ್ಲಿ ಒತ್ತುವ ಪೆಟ್ಟಿಗೆಯೇ ಆಕ್ಟೇವ್ ಪೆಡಲ್. ಎಲೆಕ್ಟ್ರಿಕ್ ಪಿಟೀಲಿಗೆ ಯಾವ ಆಕ್ಟೇವ್ ಪೆಡಲ್ ಒಳ್ಳೆಯದು ಅಂತ ಕೇಳಿದರೆ ಜನ ತಕ್ಷಣ ಒಂದು ಹೆಸರು ಹೇಳಿಬಿಡುತ್ತಾರೆ. ಹೇಳುವವರು ಸಾಮಾನ್ಯವಾಗಿ ಗಿಟಾರ್ ನುಡಿಸುವವರು. ಅವರ ಮಾತಿನಲ್ಲಿ ಸುಳ್ಳೇನಿಲ್ಲ, ಈ ಪೆಡಲ್‌ಗಳೆಲ್ಲ ಹೆಚ್ಚುಕಡಿಮೆ ಗಿಟಾರಿಗೆ, ಬೇಸ್ ಗಿಟಾರಿಗೆ ಅಂತಲೇ ಹುಟ್ಟಿದವು. ಆದರೆ ಕಮಾನಿನಲ್ಲಿ ನುಡಿಸುವ ವಾದ್ಯಕ್ಕೋ, ಪೀಜೋ ಪಿಕಪ್ (ತಂತಿಯ ಕಂಪನದ ಒತ್ತಡವನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ) ಇರುವ ವಾದ್ಯಕ್ಕೋ, ಎಂಟು ತಂತಿಯ ಮ್ಯಾಂಡೊಲಿನ್‌ಗೋ ಅದೇ ಪೆಡಲ್ ಸಿಕ್ಕಿಸಿದರೆ ಅದು ಬೇರೆಯೇ ಥರ ಆಡುತ್ತದೆ. ನಾನು ನುಡಿಸುವುದು ಐದು ತಂತಿಯ ಎಲೆಕ್ಟ್ರಿಕ್ ಪಿಟೀಲು. ಹಾಗಾಗಿ ಇಲ್ಲಿ ಬರೆಯುವುದು ಆ ಕಡೆಯಿಂದ ಕಂಡದ್ದು, ಗಿಟಾರಿನವರಿಗೂ ಅರ್ಧದಷ್ಟು ಉಪಯೋಗಕ್ಕೆ ಬರಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದು ಮೂರನೇ ಪ್ರಶ್ನೆ. ಮೊದಲನೆಯದು, ನಿಮ್ಮ ವಾದ್ಯದ ದಪ್ಪ ತಂತಿ ಸೆಕೆಂಡಿಗೆ ಎಷ್ಟು ಸಲ, ಅಂದರೆ ಎಷ್ಟು ಹರ್ಟ್ಸ್‌ನಲ್ಲಿ ಮಿಡಿಯುತ್ತದೆ? ಎರಡನೆಯದು, ಆ ಸದ್ದು ಪೆಡಲ್ ಒಳಗೆ ಹೋಗುವಾಗ ಯಾವ ಸ್ಥಿತಿಯಲ್ಲಿ ಇರುತ್ತದೆ? ಈ ಎರಡಕ್ಕೆ ಉತ್ತರ ಇದ್ದರೆ ಅಂಗಡಿಯಲ್ಲಿರುವ ಅರ್ಧಕ್ಕರ್ಧ ಪೆಡಲ್‌ಗಳನ್ನು ಮುಟ್ಟದೆಯೇ ಬದಿಗಿಡಬಹುದು.

ಲೆಕ್ಕ ಸುಲಭ. ಒಂದು ಸ್ಥಾಯಿ ಕೆಳಗೆ ಹೋದರೆ ಆವರ್ತನ ಅರ್ಧ, ಎರಡು ಸ್ಥಾಯಿ ಇಳಿದರೆ ಕಾಲು. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಜಿ ತಂತಿ 196 ಹರ್ಟ್ಸ್. ಒಂದು ಸ್ಥಾಯಿ ಇಳಿಸಿದರೆ 98. ಈ 98 ಅಂದರೆ ಬೇಸ್ ಗಿಟಾರಿನ ಜಿ ತಂತಿ, ಅದರ ನಾಲ್ಕು ತಂತಿಗಳಲ್ಲಿ ಅತಿ ತೆಳ್ಳಗಿನದು! ಪೆಡಲ್ ಒತ್ತಿದ ಕೂಡಲೇ ಪಿಟೀಲು ಬೇಸ್ ಆಗಿಬಿಡುತ್ತದೆ ಅಂತ ಕಾಯುವವರಿಗೆ ಇಲ್ಲೇ ಮೊದಲ ನಿರಾಸೆ. ಬೇಸ್ ಗಿಟಾರಿನ ದಪ್ಪ ಇ ತಂತಿ 41 ಹರ್ಟ್ಸ್ ಚಿಲ್ಲರೆ, ಅದರ ಹತ್ತಿರ ಹೋಗಬೇಕಾದರೆ ಪಿಟೀಲನ್ನು ಎರಡು ಸ್ಥಾಯಿ ಇಳಿಸಬೇಕು, ಆಗ 49ಕ್ಕೆ ಬರುತ್ತೇವೆ. ಅಂದರೆ ಲೂಪರ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಪೆಡಲ್) ಮೇಲೆ ಬೇಸ್ ಲೈನ್ ಹಾಕಿಕೊಂಡು ಅದರ ಮೇಲೆ ನುಡಿಸುವ ಆಸೆ ಇದ್ದರೆ, ಮೈನಸ್ ಒಂದು (ಒಂದು ಸ್ಥಾಯಿ ಕೆಳಗೆ) ಮಾತ್ರ ಇರುವ ಪೆಡಲ್ ನಾಲ್ಕು ತಂತಿಯ ಪಿಟೀಲಿಗೆ ಸಾಲದು. ಮೈನಸ್ ಎರಡು ಇರಲೇಬೇಕು.

ಚೆಲ್ಲೋ ಬೇಕು ಅನ್ನುವವರ ಲೆಕ್ಕ ಬೇರೆ. ಚೆಲ್ಲೋದ ದಪ್ಪ ಸಿ ತಂತಿ 65 ಹರ್ಟ್ಸ್ ಆಸುಪಾಸು. ನಾಲ್ಕು ತಂತಿಯ ಪಿಟೀಲು ಒಂದು ಸ್ಥಾಯಿ ಇಳಿದರೆ ಅದರ ಜಿ ತಂತಿಗೆ ಬಂದು ನಿಂತುಬಿಡುತ್ತದೆ, ಕೊನೆಯ ತಂತಿ ಸಿಗುವುದೇ ಇಲ್ಲ. ಆದರೆ ಐದು ತಂತಿಯ ಪಿಟೀಲಿನ ಸಿ 130.8 ಹರ್ಟ್ಸ್, ಅರ್ಧ ಮಾಡಿದರೆ ಸರಿಯಾಗಿ ಚೆಲ್ಲೋದ ಸಿ. ನನ್ನಂಥವರಿಗೆ ಒಂದೇ ಒಂದು ಸ್ಥಾಯಿ ಕೆಳಗೆ ಇಳಿಸುವ ಪೆಡಲ್ ಇದ್ದರೂ ನಡೆಯುತ್ತದೆ ಅನ್ನುವುದು ಅದಕ್ಕೇ. ವಯೋಲಾಕ್ಕೂ ಇದೇ ಲೆಕ್ಕ, ಅದರ ದಪ್ಪ ತಂತಿಯೂ ಇದೇ ಸಿ. ಗಿಟಾರಿನ ದಪ್ಪ ಇ 82, ಅರ್ಧ ಮಾಡಿದರೆ ನೇರವಾಗಿ ಬೇಸ್‌ನ ಇ. ಗಿಟಾರಿನವರಿಗೆ ಈ ಪೆಡಲ್ ಇಷ್ಟು ಸಲೀಸಾಗಿ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಚೆಲ್ಲೋ ಅಥವಾ ಬೇಸ್ ನುಡಿಸುವವರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಬೇಕು. ಬೇಸ್‌ನ ಇ ತಂತಿಯನ್ನು ಅರ್ಧ ಮಾಡಿದರೆ 20 ಹರ್ಟ್ಸ್. ಮನುಷ್ಯನ ಕಿವಿಯ ಗಡಿ ಅದು. ಆ ಸದ್ದನ್ನು ಹೊರಗೆ ಹಾಕುವ ಸ್ಪೀಕರ್ ಸಿಗುವುದೂ ಕಷ್ಟ, ಸಿಕ್ಕರೂ ಅದು ಸ್ವರ ಅಂತ ಅನಿಸುವುದಕ್ಕಿಂತ ಅಲುಗಾಟ ಅಂತ ಅನಿಸುವುದೇ ಜಾಸ್ತಿ. ಹಾಗಾಗಿ ಬೇಸ್‌ನವರು ಇಳಿಸುವ ಪೆಡಲನ್ನು ಮೇಲಿನ ತಂತಿಗಳಲ್ಲಿ, ಕುತ್ತಿಗೆಯ ಮೇಲುಭಾಗದಲ್ಲಿ ಬಳಸುತ್ತಾರೆ. ಚೆಲ್ಲೋದವರಿಗೆ ನನ್ನ ಸಲಹೆ ಕೇಳಿದರೆ, ಇಳಿಸುವುದಕ್ಕಿಂತ ಒಂದು ಸ್ಥಾಯಿ ಏರಿಸುವ ಪೆಡಲ್ ಹುಡುಕಿ.

ಸ್ಪೀಕರ್ ಮಾತು ಬಂತು, ಅದನ್ನೂ ಇಲ್ಲೇ ಮುಗಿಸುತ್ತೇನೆ. 49 ಹರ್ಟ್ಸ್ ಪೆಡಲ್‌ನಿಂದ ಬಂದರೂ, ಎಂಟು ಇಂಚಿನ ಸ್ಪೀಕರ್ ಇರುವ ಅಭ್ಯಾಸದ ಆಂಪ್ ಅದನ್ನು ಸರಿಯಾಗಿ ಕೇಳಿಸುವುದಿಲ್ಲ. ನಮಗೆ ಕೇಳುವುದು ಅದರ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಸದ್ದುಗಳು, 98, 147, 196 ಹೀಗೆ. ಅಡಿಯ ಸ್ವರ ಇಲ್ಲದಿದ್ದರೂ ಮೆದುಳು ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಅದಕ್ಕೇ ಚಿಕ್ಕ ಆಂಪ್‌ನಲ್ಲೂ ಸ್ವರ ಗೊತ್ತಾಗುತ್ತದೆ, ಎದೆಗೆ ತಾಗುವ ತೂಕ ಮಾತ್ರ ಇರುವುದಿಲ್ಲ. ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಹಾರ್ಮೋನಿಕ್ ಜಾಸ್ತಿ ಇರುವ, ಸ್ವಲ್ಪ ಒರಟು ಸದ್ದಿನ ಪೆಡಲ್ ಚಿಕ್ಕ ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳುತ್ತದೆ. ತುಂಬಾ ನಯವಾದ, ಬರೀ ಅಡಿಯ ಸ್ವರವನ್ನೇ ಕೊಡುವ ಪೆಡಲ್ ಅಲ್ಲಿ ಮಾಯವಾಗುತ್ತದೆ, ದೊಡ್ಡ ಸಬ್‌ವೂಫರ್ ಇರುವ ವೇದಿಕೆಯಲ್ಲಿ ಅದೇ ಪೆಡಲ್ ಎಲ್ಲರನ್ನೂ ಅಲುಗಾಡಿಸುತ್ತದೆ. ಎಲ್ಲಿ ನುಡಿಸುತ್ತೀರಿ ಅನ್ನುವುದು ಇಷ್ಟು ಮುಖ್ಯ.

ಈಗ ಪೆಡಲ್ ಒಳಗೆ ಏನಾಗುತ್ತದೆ ಅಂತ ನೋಡೋಣ. ಇದು ಗೊತ್ತಿದ್ದರೆ ಆಯ್ಕೆ ತಾನಾಗಿಯೇ ಆಗುತ್ತದೆ.

ಹಳೆಯ ಬಗೆ ಅನಲಾಗ್ ಡಿವೈಡರ್. ಸಿಗ್ನಲ್ ಒಂದು ಸುತ್ತು ಮುಗಿಸಿ ಸೊನ್ನೆಯನ್ನು ದಾಟಿದಾಗಲೆಲ್ಲ ಒಳಗಿನ ಒಂದು ಸರ್ಕ್ಯೂಟ್ ಆನ್, ಆಫ್, ಆನ್, ಆಫ್ ಅಂತ ಬದಲಾಗುತ್ತದೆ. ಎರಡು ಸುತ್ತಿಗೆ ಒಂದು ಆನ್-ಆಫ್ ಆದ್ದರಿಂದ ಬರುವ ಆವರ್ತನ ಅರ್ಧ. ಅದೇ ಥರದ ಇನ್ನೊಂದು ಹಂತ ಸೇರಿಸಿದರೆ ಕಾಲು. ಇಷ್ಟೇ ಉಪಾಯ. ಇದಕ್ಕೆ ಸ್ವರ ಅಂದರೆ ಏನು ಅಂತ ಗೊತ್ತಿಲ್ಲ, ಸುಮ್ನೆ ಎಣಿಸುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಸ್ವರ ಕೊಡಬೇಕು. ಎರಡು ತಂತಿ ಒಟ್ಟಿಗೆ ನುಡಿಸಿದರೆ ಯಾವುದನ್ನು ಎಣಿಸಬೇಕು ಅಂತ ತಿಳಿಯದೆ ಗೊರಗೊರ ಅನ್ನುತ್ತದೆ. ಬಾಸ್ ಕಂಪನಿಯ ಓಸಿ-2 ಈ ಬಗೆಯಲ್ಲಿ ಅತಿ ಹೆಸರುವಾಸಿ. 1982ರಲ್ಲಿ ಬಂತು, 2003ರಲ್ಲಿ ಓಸಿ-3 ಬರುವ ತನಕ ಮಾರಾಟದಲ್ಲಿತ್ತು. ಈಗಲೂ ಬೇಸ್ ನುಡಿಸುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ, ಯಾಕಂದರೆ ಆ ಸದ್ದು ಹಳೆಯ ಸಿಂಥಸೈಜರ್ ಬೇಸ್ ಹಾಗಿದೆ. ಅದು ಅಸಲಿ ಬೇಸ್ ಹಾಗೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಎಣಿಸುವ ಈ ಕೆಲಸದಲ್ಲಿ ಕಮಾನು ಮತ್ತು ಮೀಟು ಎರಡಕ್ಕೂ ಬೇರೆ ಬೇರೆ ತೊಂದರೆ. ಮೀಟಿದ ತಂತಿಯ ಮೊದಲ ಕ್ಷಣ ಗದ್ದಲ, ಆಮೇಲೆ ಶುದ್ಧ ಸ್ವರ, ಆಮೇಲೆ ನಿಧಾನವಾಗಿ ಸಾಯುವುದು. ಸಾಯುವ ಹೊತ್ತಿಗೆ ಸಿಗ್ನಲ್ ಚಿಕ್ಕದಾಗಿ ಪೆಡಲ್ ಎಣಿಕೆ ತಪ್ಪುತ್ತದೆ, ಕೆಳಗಿನ ಸ್ವರ ಬಿಕ್ಕಳಿಸಿದ ಹಾಗೆ ತುಂಡಾಗುತ್ತದೆ. ಕಮಾನಿನಲ್ಲಿ ಈ ಸಾಯುವ ಸಮಸ್ಯೆ ಇಲ್ಲ, ಎಳೆಯುವಷ್ಟು ಹೊತ್ತು ಸ್ವರ ತುಂಬಿಕೊಂಡೇ ಇರುತ್ತದೆ. ನಮ್ಮ ತೊಂದರೆ ಬೇರೆ. ಕಮಾನು ತಂತಿಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹೀಗಾಗಿ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆಯ (ಬ್ರಿಡ್ಜ್) ಮೇಲೆ ಬೀಳುವ ಒತ್ತಡ ಗರಗಸದ ಹಲ್ಲಿನ ಆಕಾರದ ಅಲೆ. ಇದನ್ನು 19ನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ್ದಾನೆ, ಆ ಚಲನೆಗೆ ಅವನದೇ ಹೆಸರಿದೆ. ಗರಗಸದ ಅಲೆಯಲ್ಲಿ ಹಾರ್ಮೋನಿಕ್‌ಗಳು ತುಂಬಿ ತುಳುಕುತ್ತವೆ. ಅದರ ಮೇಲೆ ರಾಳ ಹಚ್ಚಿದ ಕೂದಲಿನ ಉಜ್ಜುವ ಸದ್ದು, ಕಮಾನು ದಿಕ್ಕು ಬದಲಿಸುವಾಗಿನ ಕಿರುಕು. ಇವೆಲ್ಲ ಸೇರಿ ಸಿಗ್ನಲ್ ಒಂದೇ ಸುತ್ತಿನಲ್ಲಿ ಹಲವು ಸಲ ಸೊನ್ನೆ ದಾಟಿದರೆ ಪೆಡಲ್ ಒಂದರ ಬದಲು ಎರಡು ಎಣಿಸಿ, ಇದ್ದಕ್ಕಿದ್ದ ಹಾಗೆ ಸ್ವರ ಮೇಲಕ್ಕೆ ಹಾರುತ್ತದೆ.

ಪರಿಹಾರ ಇದೆ, ಅದು ಪೆಡಲ್‌ನಲ್ಲಿ ಅಲ್ಲ, ಅದಕ್ಕೂ ಮುಂಚೆ. ವಾದ್ಯದ ಟೋನ್ ನಾಬ್ ಇಳಿಸಿ. ಇಲ್ಲದಿದ್ದರೆ, ವಾದ್ಯದ ಸಿಗ್ನಲನ್ನು ಮೊದಲು ಬಲಪಡಿಸುವ ಪ್ರಿಆಂಪ್‌ನಲ್ಲಿ ಟ್ರೆಬಲ್ ಇಳಿಸಿ. ಕಮಾನನ್ನು ಸೇತುವೆಯಿಂದ ಸ್ವಲ್ಪ ದೂರಕ್ಕೆ, ಬೆರಳು ಹಲಗೆಯ ಕಡೆಗೆ ಸರಿಸಿ, ಅಲ್ಲಿ ಸದ್ದು ಮೆತ್ತಗಾಗುತ್ತದೆ. ನುಡಿಸದ ತಂತಿಗಳು ತಾವೇ ಮಿಡಿಯದ ಹಾಗೆ ಬೆರಳು ತಾಗಿಸಿಟ್ಟುಕೊಳ್ಳಿ. ಗಿಟಾರಿನವರು ಇದನ್ನೇ ಕುತ್ತಿಗೆಯ ಹತ್ತಿರದ ನೆಕ್ ಪಿಕಪ್‌ಗೆ ಬದಲಾಯಿಸಿ ಸಾಧಿಸುತ್ತಾರೆ. ಪೆಡಲ್ ಕೆಟ್ಟದು ಅಂತ ಬೈಯುವ ಎಷ್ಟೋ ವಿಮರ್ಶೆಗಳನ್ನು ಓದುವಾಗ ನನಗೆ ಅನಿಸುವುದು ಇದೇ, ಈ ಮನುಷ್ಯ ಟ್ರೆಬಲ್ ಒಂದು ಸಲ ಇಳಿಸಿ ನೋಡಬಹುದಿತ್ತಲ್ವಾ?

ಎರಡನೇ ಬಗೆ ಸ್ಥಾಯಿ ಏರಿಸುವ ಅನಲಾಗ್ ಫಝ್, ಅಂದರೆ ಸದ್ದನ್ನು ಒಡೆದು ಒರಟು ಮಾಡುವ ಪೆಡಲ್. ರೋಜರ್ ಮೇಯರ್ ಮಾಡಿದ ಆಕ್ಟೇವಿಯಾವನ್ನು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1967ರ ಸುಮಾರಿಗೆ ಪ್ರಸಿದ್ಧ ಮಾಡಿದ. ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚುವುದು ಇದರ ಕೆಲಸ. ನಯವಾದ ಅಲೆಯಾದರೆ ಒಂದು ಉಬ್ಬು ಒಂದು ತಗ್ಗು ಇದ್ದದ್ದು ಎರಡು ಉಬ್ಬು ಆಗುತ್ತದೆ, ಆವರ್ತನ ಎರಡರಷ್ಟಾಗುತ್ತದೆ. ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್‌ಗಿಂತ ಮೇಲೆ, ನೆಕ್ ಪಿಕಪ್‌ನಲ್ಲಿ ಇದು ಚೆನ್ನಾಗಿ ಕೇಳುವುದು ಅಲ್ಲಿ ಅಲೆ ನಯವಾಗಿರುವುದರಿಂದ. ಈಗ ಇದೇ ಸರ್ಕ್ಯೂಟ್‌ಗೆ ಕಮಾನಿನ ಗರಗಸದ ಅಲೆ ಕೊಡಿ. ಒಂದು ಕಾಗದದ ಮೇಲೆ ಬರೆದು ನೋಡಿ, ಮಜಾ ಇದೆ. ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಏರಿ ಧಡಕ್ಕನೆ ಬೀಳುತ್ತದೆ. ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿದರೆ ಒಂದು ತ್ರಿಕೋನ ಸಿಗುತ್ತದೆ. ಸುತ್ತಿಗೆ ಒಂದೇ ತ್ರಿಕೋನ! ಆವರ್ತನ ಎರಡರಷ್ಟಾಗಲೇ ಇಲ್ಲ. ನಿಜವಾದ ವಾದ್ಯದ ಅಲೆ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ, ಸ್ವಲ್ಪ ಮೇಲಿನ ಸ್ಥಾಯಿ ಇಣುಕಬಹುದು. ಆದರೂ ಎಲೆಕ್ಟ್ರಿಕ್ ಪಿಟೀಲನ್ನು ಕಮಾನಿನಲ್ಲಿ ನುಡಿಸುವವರು ಮೇಲಿನ ಸ್ಥಾಯಿ ಬೇಕು ಅಂತ ಈ ಬಗೆಯ ಫಝ್ ಕೊಳ್ಳಬೇಡಿ. ಫಝ್ ಸದ್ದೇ ಇಷ್ಟವಾದರೆ ಕೊಳ್ಳಿ, ಅದು ಬೇರೆ ಮಾತು.

ಮೂರನೆಯದು ಡಿಜಿಟಲ್ ಪಾಲಿಫೋನಿಕ್, ಅಂದರೆ ಒಟ್ಟಿಗೆ ಹಲವು ಸ್ವರ ಹಿಡಿಯುವಂಥದ್ದು. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಪಾಗ್ ಕುಟುಂಬ, ಟಿಸಿ ಎಲೆಕ್ಟ್ರಾನಿಕ್‌ನ ಸಬ್ ಎನ್ ಅಪ್, ಬಾಸ್ ಓಸಿ-5ರ ಪಾಲಿ ಮೋಡ್, ಇವೆಲ್ಲ ಈ ಗುಂಪು. ಇವು ಎಣಿಸುವುದಿಲ್ಲ, ಬರುವ ಇಡೀ ಸದ್ದನ್ನೇ ಲೆಕ್ಕಹಾಕಿ ಕೆಳಗೋ ಮೇಲೋ ಸರಿಸುತ್ತವೆ. ಹಾಗಾಗಿ ಜೋಡಿ ತಂತಿ, ಕಾರ್ಡ್ ಎಲ್ಲವೂ ಸರಿಯಾಗಿ ಬರುತ್ತವೆ. ಜಾರು, ಕಂಪಿತ ಮುಂತಾದ ಗಮಕಗಳೂ ಹಿಂದೆ ಹಿಂದೆಯೇ ಬರುತ್ತವೆ. ಪಿಟೀಲಿನವರಿಗೆ ಇದು ದೊಡ್ಡ ಸಮಾಧಾನ, ನಮ್ಮಲ್ಲಿ ಫ್ರೆಟ್ ಇಲ್ಲ, ಸ್ವರ ಒಂದು ಕಡೆ ನಿಲ್ಲುವುದೇ ಕಡಿಮೆ. ಪಾಗ್‌ನಲ್ಲಿ ಮೇಲಿನ ಸ್ಥಾಯಿ, ಕೆಳಗಿನ ಸ್ಥಾಯಿ ಎರಡನ್ನೂ ಸೇರಿಸಿ ಉದ್ದವಾಗಿ ಕಮಾನು ಎಳೆದರೆ ಆರ್ಗನ್ ಹಾಗೆ ಕೇಳುತ್ತದೆ. ಕೆಲವರಿಗೆ ಅದೇ ಬೇಕು. ಪಾಗ್2ರಲ್ಲಿ ಮೇಲೆ ಎರಡು, ಕೆಳಗೆ ಎರಡು ಸ್ಥಾಯಿ, ಜೊತೆಗೆ ಫಿಲ್ಟರ್, ಅಟ್ಯಾಕ್ ಸ್ಲೈಡರ್ ಎಲ್ಲ ಇದೆ. ಮೈಕ್ರೋ ಪಾಗ್‌ನಲ್ಲಿ ಮೂರೇ ನಾಬ್, ಮೂಲ ಸದ್ದು, ಒಂದು ಕೆಳಗೆ, ಒಂದು ಮೇಲೆ. ನಾಲ್ಕು ತಂತಿಯ ಪಿಟೀಲಿನವರು ಮೇಲಿನ 98ರ ಲೆಕ್ಕ ನೆನಪಿಟ್ಟುಕೊಂಡು ಇದನ್ನು ನೋಡಿ. ಬೇಸ್ ಲೈನ್‌ಗೆ ಅಂತಲೇ ಆದರೆ ಇದು ನಿಮಗಲ್ಲ.

ಪಾಲಿಫೋನಿಕ್ ಅಂದ ಮಾತ್ರಕ್ಕೆ ಎಲ್ಲವನ್ನೂ ಇಳಿಸಬಹುದು ಅಂತ ಅಲ್ಲ. ಗಾಂಧಾರ, ಷಡ್ಜ ಒಟ್ಟಿಗೆ ನುಡಿಸಿ ಎರಡು ಸ್ಥಾಯಿ ಇಳಿಸಿ ನೋಡಿ. ಪೆಡಲ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಕಿವಿಗೆ ಮಾತ್ರ ಕೆಸರು. ಅಷ್ಟು ಕೆಳಗೆ ಹತ್ತಿರದ ಎರಡು ಸ್ವರಗಳನ್ನು ಕಿವಿ ಬಿಡಿಸಿಕೊಳ್ಳಲಾರದು. ಪಂಚಮ ಅಥವಾ ಪೂರ್ತಿ ಸ್ಥಾಯಿಯ ಅಂತರವಾದರೆ ಪರವಾಗಿಲ್ಲ. ಓಸಿ-5ರಲ್ಲಿ ರೇಂಜ್ ನಾಬ್ ತಿರುಗಿಸಿ, ನುಡಿಸಿದ್ದರಲ್ಲಿ ಅತಿ ಕೆಳಗಿನ ಸ್ವರಕ್ಕೆ ಮಾತ್ರ ಇಳಿಸಿದ ಸ್ವರ ಸೇರುವ ಹಾಗೆ ಮಾಡಬಹುದು. ನನ್ನ ಮಟ್ಟಿಗೆ ಆ ಪೆಡಲ್‌ನ ಅತಿ ಜಾಣ ಭಾಗ ಅದೇ. ಮೇಲೆ ಮಧುರವಾಗಿ ಎರಡು ತಂತಿ, ಕೆಳಗೆ ಒಂದೇ ಒಂದು ಬೇಸ್ ಸ್ವರ.

ಡಿಜಿಟಲ್‌ಗೆ ಒಂದು ದಂಡ ಇದೆ, ಅದು ತಡ. ಒಂದು ಸ್ವರ ಯಾವುದು ಅಂತ ತಿಳಿಯಬೇಕಾದರೆ ಅದರ ಕನಿಷ್ಠ ಒಂದು ಸುತ್ತಾದರೂ ಪೆಡಲ್ ನೋಡಬೇಕು. 196 ಹರ್ಟ್ಸ್‌ನ ಒಂದು ಸುತ್ತು ಸುಮಾರು 5 ಮಿಲಿಸೆಕೆಂಡ್. ಚೆಲ್ಲೋದ ಸಿ ತಂತಿಗೆ 15, ಬೇಸ್‌ನ ಇ ತಂತಿಗೆ 24. ಸದ್ದು ಗಾಳಿಯಲ್ಲಿ 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ, ಅಂದರೆ 10 ಮಿಲಿಸೆಕೆಂಡ್ ತಡ ಅಂದರೆ ಆಂಪ್ ಅಷ್ಟು ದೂರ ಸರಿದ ಹಾಗೆ. ಉದ್ದ ಕಮಾನಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕಂದರೆ ಕಮಾನಿನ ಸ್ವರ ಹುಟ್ಟುವುದೇ ಮೆಲ್ಲಗೆ. ವೇಗವಾಗಿ ಮೀಟಿದರೆ, ತುಂಡು ತುಂಡು ಕಮಾನು ಹಾಕಿದರೆ ಗೊತ್ತಾಗುತ್ತದೆ. ಪಿಟೀಲಿನವರಿಗೆ ಇಲ್ಲಿ ಅನುಕೂಲ ಇದೆ, ನಮ್ಮ ತಂತಿಗಳು ಮೇಲಿನವು, ಪೆಡಲ್‌ಗೆ ಬೇಗ ಸಿಗುತ್ತವೆ. ಬೇಸ್‌ನವರಷ್ಟು ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕಾಲಿನಲ್ಲಿ ಒತ್ತುತ್ತಾ ಸ್ವರವನ್ನು ಜಾರಿಸುವ ಡಿಜಿಟೆಕ್ ವ್ಯಾಮಿ ಒಂದು ಬೇರೆಯೇ ಪ್ರಾಣಿ. ದಿ ವೈಟ್ ಸ್ಟ್ರೈಪ್ಸ್ ಎಂಬ ಇಬ್ಬರ ಬ್ಯಾಂಡಿನಲ್ಲಿ ಬೇಸ್ ನುಡಿಸುವವರೇ ಇರಲಿಲ್ಲ, ಜ್ಯಾಕ್ ವೈಟ್ ತನ್ನ ಗಿಟಾರನ್ನು ವ್ಯಾಮಿಯಲ್ಲಿ ಒಂದು ಸ್ಥಾಯಿ ಇಳಿಸಿ ಆ ಜಾಗ ತುಂಬಿದ. ಅದು ಒಳ್ಳೆಯ ಬಳಕೆ. ಆದರೆ ಬೆರಳಿನಲ್ಲೇ ಬೇಕಾದ ಹಾಗೆ ಜಾರಿಸಬಲ್ಲ ಪಿಟೀಲಿನವರಿಗೆ ಕಾಲಿನಲ್ಲಿ ಜಾರಿಸುವ ಅಗತ್ಯ ಎಷ್ಟಿದೆ? ಎರಡು ಸ್ಥಾಯಿಯಷ್ಟು ಒಮ್ಮೆಲೇ ಎತ್ತುವ ಚಮತ್ಕಾರ ಬೇಕಿದ್ದರೆ ಸರಿ. ಇಲ್ಲದಿದ್ದರೆ ಅಷ್ಟು ದೊಡ್ಡ ಪೆಡಲ್‌ಗೆ ಬೋರ್ಡ್ ಮೇಲೆ ಜಾಗ ಕೊಡಬೇಡಿ.

ಈಗ ಎಲ್ಲಕ್ಕಿಂತ ಮುಖ್ಯ, ಯಾರೂ ಹೆಚ್ಚು ಮಾತಾಡದ ವಿಷಯ. ಪೀಜೋ. ತುಂಬಾ ಎಲೆಕ್ಟ್ರಿಕ್ ಪಿಟೀಲು, ಚೆಲ್ಲೋಗಳಲ್ಲಿ ಸೇತುವೆಗೆ ಸೇರಿದ ಪೀಜೋ ಪಿಕಪ್ ಇರುತ್ತದೆ. ಇದು ಗಿಟಾರಿನ ಮ್ಯಾಗ್ನೆಟಿಕ್ ಪಿಕಪ್ ಥರ ಅಲ್ಲ. ವಿದ್ಯುತ್ತಿನ ಲೆಕ್ಕದಲ್ಲಿ ಅದೊಂದು ಚಿಕ್ಕ ಕೆಪ್ಯಾಸಿಟರ್. ಅದನ್ನು ಪೆಡಲ್‌ಗೆ ಸಿಕ್ಕಿಸಿದಾಗ ಪೆಡಲ್‌ನ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲಿಗೆ ಅದು ಒಡ್ಡುವ ತಡೆ) ಜೊತೆ ಸೇರಿ ಅದು ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರ್ ಆಗುತ್ತದೆ. ಪಿಕಪ್ 1 ನ್ಯಾನೋಫ್ಯಾರಡ್, ಪೆಡಲ್ 1 ಮೆಗಾಓಮ್ ಅಂತ ಇಟ್ಟುಕೊಳ್ಳಿ. ಸುಮಾರು 160 ಹರ್ಟ್ಸ್‌ನಿಂದ ಕೆಳಗೆ ಸದ್ದು ಕುಸಿಯುತ್ತದೆ. ಪೆಡಲ್ 500 ಕಿಲೋಓಮ್ ಆದರೆ 320ರಿಂದಲೇ ಕುಸಿತ ಶುರು, ಪಿಟೀಲಿನ ಜಿ ತಂತಿ ಪೂರ್ತಿ ಅದರೊಳಗೆ ಹೋಯಿತು. ಅದೇ 10 ಮೆಗಾಓಮ್ ಆದರೆ 16 ಹರ್ಟ್ಸ್, ಅಂದರೆ ಚಿಂತೆಯೇ ಇಲ್ಲ.

ಇದರ ಪರಿಣಾಮ ನೋಡಿ. ಅಡಿಯ ಸ್ವರ ಕುಸಿದು ಹಾರ್ಮೋನಿಕ್‌ಗಳು ಹಾಗೇ ಉಳಿದರೆ ಸಿಗ್ನಲ್ ತೆಳ್ಳಗೆ, ಚುಚ್ಚುವ ಹಾಗೆ ಆಗುತ್ತದೆ. ಎಣಿಸುವ ಪೆಡಲ್‌ಗೆ ಯಾವುದನ್ನು ಎಣಿಸಬೇಕು ಅನ್ನುವುದೇ ತಿಳಿಯುವುದಿಲ್ಲ. ಬೇಕಾದ ಸ್ವರವೇ ಅತಿ ಸಣ್ಣದಾಗಿದೆ. ಆಗ ಪೆಡಲ್ ಬದಲಿಸಿ ಪ್ರಯೋಜನವಿಲ್ಲ. ವಾದ್ಯದ ನಂತರ ಮೊಟ್ಟ ಮೊದಲು 10 ಮೆಗಾಓಮ್ ಇನ್‌ಪುಟ್ ಇರುವ ಪ್ರಿಆಂಪ್ ಇಡಬೇಕು, ಆಮೇಲೆ ಉಳಿದದ್ದೆಲ್ಲ. ವಾದ್ಯದೊಳಗೇ ಬ್ಯಾಟರಿ ಹಾಕುವ ಪ್ರಿಆಂಪ್ ಇದ್ದರೆ ಈ ಚಿಂತೆ ಬೇಡ, ನೇರವಾಗಿ ಸಿಕ್ಕಿಸಿ. ಇಲ್ಲದವರು ಬಜೆಟ್‌ನಲ್ಲಿ ಪ್ರಿಆಂಪ್‌ಗೆ ಮೊದಲು ಜಾಗ ಮಾಡಿ, ಪೆಡಲ್ ಒಂದು ಮೆಟ್ಟಿಲು ಕೆಳಗಿನದಾದರೂ ಚಿಂತೆಯಿಲ್ಲ. ಇದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಪ್ರಿಆಂಪ್‌ನಲ್ಲಿ ಟೋನ್ ಕಂಟ್ರೋಲ್ ಇದ್ದರೆ ಟ್ರೆಬಲ್ ಇಳಿಸುವ ಕೆಲಸವೂ ಅಲ್ಲೇ ಮುಗಿಯುತ್ತದೆ.

ಜೋಡಿಸುವ ಕ್ರಮದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರಿಆಂಪ್, ಬೇಕಿದ್ದರೆ ಕಂಪ್ರೆಸರ್, ಆಮೇಲೆ ಆಕ್ಟೇವ್. ಡಿಸ್ಟಾರ್ಶನ್, ಕೋರಸ್, ಡಿಲೇ, ರಿವರ್ಬ್ ಎಲ್ಲ ಅದರ ನಂತರ. ಎಣಿಸುವ ಪೆಡಲ್‌ಗೆ ರಿವರ್ಬ್ ಹಾಕಿದ ಸದ್ದು ಕೊಟ್ಟರೆ ಹಳೆಯ ಸ್ವರದ ಬಾಲ ಹೊಸ ಸ್ವರದ ಮೇಲೆ ಬಿದ್ದು ಎಲ್ಲ ಕೆಡುತ್ತದೆ. ಕಂಪ್ರೆಸರ್ ಮೀಟುವವರಿಗೆ ನಿಜಕ್ಕೂ ಸಹಾಯ, ಸಾಯುವ ಸ್ವರವನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತದೆ.

ಮ್ಯಾಂಡೊಲಿನ್‌ನವರಿಗೆ ಒಂದು ಮಾತು. ಶ್ರುತಿ ಪಿಟೀಲಿನದೇ, ಹಾಗಾಗಿ ಹರ್ಟ್ಸ್ ಲೆಕ್ಕವೂ ಅದೇ. ಆದರೆ ಜೋಡಿ ತಂತಿಗಳ ಮ್ಯಾಂಡೊಲಿನ್‌ನಲ್ಲಿ ಪ್ರತಿ ಸ್ವರಕ್ಕೆ ಎರಡು ತಂತಿ, ಎರಡೂ ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿ ಇರುತ್ತವೆ. ಕಿವಿಗೆ ಅದೇ ಸೊಗಸು, ಅನಲಾಗ್ ಡಿವೈಡರ್‌ಗೆ ಅದೇ ಕಂಟಕ. ಅಂಥ ವಾದ್ಯಕ್ಕೆ ಪಾಲಿಫೋನಿಕ್ ಪೆಡಲ್ ನೋಡುವುದೇ ಕ್ಷೇಮ. ಯು. ಶ್ರೀನಿವಾಸ್ ನುಡಿಸುತ್ತಿದ್ದ ಹಾಗೆ ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಆದರೆ ಅನಲಾಗ್ ಕೂಡ ಚೆನ್ನಾಗಿ ಹಿಡಿಯುತ್ತದೆ.

ಪೆಡಲ್ ನೋಡುವಾಗ ಹಿಂದಿನ ಜ್ಯಾಕ್‌ಗಳನ್ನೂ ಗಮನಿಸಿ. ಮೂಲ ಸದ್ದಿಗೆ ಒಂದು, ಆಕ್ಟೇವ್ ಸದ್ದಿಗೆ ಒಂದು ಅಂತ ಎರಡು ಔಟ್‌ಪುಟ್ ಇದ್ದರೆ ತುಂಬಾ ಅನುಕೂಲ. ಪಿಟೀಲಿನ ಸದ್ದು ಅಕೌಸ್ಟಿಕ್ ಆಂಪ್‌ಗೆ, ಇಳಿಸಿದ ಸದ್ದು ಬೇಸ್ ಆಂಪ್‌ಗೆ. ಒಂದೇ ಆಂಪ್‌ನಲ್ಲಿ ಎರಡನ್ನೂ ತುರುಕಿದರೆ ಕೆಳಗಿನ ಸ್ವರ ಶಕ್ತಿಯನ್ನೆಲ್ಲ ತಿಂದು ಮೇಲಿನದು ಒಡೆದು ಕೇಳುತ್ತದೆ. ಮೈಕ್ರೋ ಪಾಗ್, ಓಸಿ-5 ಎರಡರಲ್ಲೂ ಹೀಗೆ ಬೇರೆ ಮಾಡುವ ವ್ಯವಸ್ಥೆ ಇದೆ. ಇನ್ನು ಮೂಲ ಸದ್ದಿನ ನಾಬ್ ಪೂರ್ತಿ ಸೊನ್ನೆಗೆ ಬರುತ್ತದಾ ಅಂತ ನೋಡಿ. ಲೂಪರ್‌ನಲ್ಲಿ ಬರೀ ಬೇಸ್ ಮಾತ್ರ ಬೇಕಾದಾಗ ಮೇಲಿನ ಪಿಟೀಲು ಕೇಳಿಸಿದರೆ ಆಟ ಕೆಟ್ಟಿತು.

ಪರೀಕ್ಷೆ ಮಾಡಲು ನಿಮ್ಮದೇ ವಾದ್ಯ, ನಿಮ್ಮದೇ ಪ್ರಿಆಂಪ್ ತೆಗೆದುಕೊಂಡು ಹೋಗಿ. ಅಂಗಡಿಯ ಗಿಟಾರಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ದಪ್ಪ ತಂತಿಯನ್ನು ಬಿಡಿಯಾಗಿ ಮೆಲ್ಲಗೆ ಎಳೆಯಿರಿ, ಕೆಳಗಿನ ಸ್ವರ ಕಮಾನು ತಿರುಗುವಾಗ ಮುರಿಯುತ್ತದಾ ಕೇಳಿ. ಅದೇ ತಂತಿಯಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಜಾರಿ. ಆಮೇಲೆ ಮೀಟಿ, ಸ್ವರ ಸಾಯುವ ತನಕ ಸುಮ್ಮನಿದ್ದು ಕೇಳಿ, ಯಾವ ಹಂತದಲ್ಲಿ ಬಿಕ್ಕಳಿಸುತ್ತದೆ ನೋಡಿ. ಕೊನೆಗೆ ಪೂರ್ತಿ ಇಳಿಸಿದ ಸದ್ದು ಮಾತ್ರ ಇಟ್ಟು ವೇಗದ ಒಂದು ಸ್ವರಗುಚ್ಛ ನುಡಿಸಿ. ಮೂಲ ಸದ್ದು ಜೊತೆಗಿದ್ದರೆ ಎಲ್ಲ ಪೆಡಲ್‌ಗಳೂ ಚೆನ್ನಾಗಿಯೇ ಕೇಳುತ್ತವೆ, ಹುಳುಕೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಪೆಡಲ್ಲೇ ಬೇಕಾ ಅನ್ನುವ ಪ್ರಶ್ನೆಯೂ ಇದೆ. ಪಿಟೀಲಿಗೆ ಒಂದು ಸ್ಥಾಯಿ ಕೆಳಗಿನ ಶ್ರುತಿಗೆ ಅಂತಲೇ ಮಾಡಿದ ದಪ್ಪ ತಂತಿಗಳು ಸಿಗುತ್ತವೆ. ತಡ ಇಲ್ಲ, ಎಣಿಕೆ ತಪ್ಪುವುದಿಲ್ಲ, ಆದರೆ ಆ ವಾದ್ಯ ಆಮೇಲೆ ಆ ಒಂದೇ ಕೆಲಸಕ್ಕೆ. ಎಲ್. ಶಂಕರ್ ಅವರ ಹತ್ತು ತಂತಿಯ, ಎರಡು ಕುತ್ತಿಗೆಯ ಪಿಟೀಲು ಇದೇ ಆಸೆಯ ಇನ್ನೊಂದು ರೂಪ, ಡಬಲ್ ಬೇಸ್‌ನಿಂದ ಪಿಟೀಲಿನವರೆಗಿನ ಹರವು ಒಂದೇ ವಾದ್ಯದಲ್ಲಿ. ಅಂಥದ್ದನ್ನು ಮಾಡಿಸಿಕೊಳ್ಳಲಾಗದ ನಮ್ಮಂಥವರಿಗೆ ಪೆಡಲ್.

ಹಾಗಾದರೆ ಯಾವುದು ಅಂತ ಕೇಳಿದರೆ, ಕಮಾನಿನವರಿಗೆ, ಒಂದೇ ಪೆಡಲ್ ಅನ್ನುವುದಾದರೆ ನಾನು ಓಸಿ-5 ಕಡೆ ಕೈ ತೋರಿಸುತ್ತೇನೆ. ಹಳೆಯ ಓಸಿ-2 ಥರದ ವಿಂಟೇಜ್ ಮೋಡ್, ಪಾಲಿ ಮೋಡ್ ಎರಡೂ ಇವೆ, ಕೆಳಗೆ ಎರಡು ಸ್ಥಾಯಿ, ಮೇಲೆ ಒಂದು. ಆರ್ಗನ್ ಥರದ ದಟ್ಟ ಸದ್ದು ಇಷ್ಟಪಡುವವರು ಪಾಗ್ ನೋಡಿ. ಬರೀ ಬೇಸ್ ಗಿಟಾರ್ ನುಡಿಸುವವರಿಗೆ ಎಂಎಕ್ಸ್ಆರ್‌ನ ಬೇಸ್ ಆಕ್ಟೇವ್ ಡಿಲಕ್ಸ್ ಇದೆ, ಒಂದೇ ಸ್ಥಾಯಿ ಕೆಳಗೆ, ಆದರೆ ಒರಟು ಒಂದು ನಯ ಒಂದು ಅಂತ ಎರಡು ದನಿ ಬೆರೆಸಿಕೊಳ್ಳಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಡಾಪ್ಟರ್ ವಿಷಯ ಕೇಳದೆ ಬರಬೇಡಿ. ಈಗಿನ ಹೆಚ್ಚಿನ ಪೆಡಲ್‌ಗಳು 9 ವೋಲ್ಟ್ ಡಿಸಿ, ನಡುವೆ ನೆಗೆಟಿವ್. ಆದರೆ ನಾಲ್ಕನೇ ತಲೆಮಾರಿನ ವ್ಯಾಮಿ 9 ವೋಲ್ಟ್ ಎಸಿ ಕೇಳುತ್ತದೆ, ನಿಮ್ಮ ಬೋರ್ಡ್‌ನ ಮಾಮೂಲಿ ಪವರ್ ಸಪ್ಲೈನಲ್ಲಿ ಅದು ನಡೆಯುವುದಿಲ್ಲ. ಪೆಡಲ್ ತಳದಲ್ಲಿ ಎಷ್ಟು ವೋಲ್ಟ್, ಎಸಿಯೋ ಡಿಸಿಯೋ, ಎಷ್ಟು ಮಿಲಿಆಂಪ್ ಅಂತ ಬರೆದಿರುತ್ತದೆ. ಅಲ್ಲಿನ ಅಕ್ಷರ ಅಳಿಸಿಹೋಗಿದ್ದರೆ ಮಾರುವವರ ಹತ್ತಿರ ಅದರದೇ ಅಡಾಪ್ಟರ್ ಕೇಳಿ, ಅವರ ಮುಂದೆಯೇ ಸಿಕ್ಕಿಸಿ, ಲೈಟ್ ಹತ್ತಿದ ಮೇಲೆ ದುಡ್ಡು ಕೊಡಿ.